ನಡುದಾರಿಯ ಆರು ಗಂಟೆ

ಕಾಂದಿವಲಿಯ ಕನ್ನಡ ಮನೆಗಳಿಗೆ ಅಮೆರಿಕ ಈಗ ದೂರದ ದೇಶವಾಗಿ ಉಳಿದಿಲ್ಲ. ಠಾಕೂರ್ ವಿಲೇಜಿನಿಂದ ಚಾರ್ಕೋಪಿನವರೆಗೆ ಯಾವ ಕಟ್ಟಡಕ್ಕೆ ಹೋದರೂ ಮಗನನ್ನೋ ಮಗಳನ್ನೋ ಸಿಯಾಟಲ್‌ಗೆ, ಸ್ಯಾನ್ ಹೋಸೆಗೆ ಕಳುಹಿಸಿದ ಒಂದೆರಡು ಸಂಸಾರಗಳು ಸಿಗುತ್ತವೆ. ನಿವೃತ್ತರಾದ ತಂದೆತಾಯಿ ಎರಡು ಮೂರು ವರ್ಷಗಳಿಗೊಮ್ಮೆ ಅಲ್ಲಿಗೆ ಹೋಗಿಬರುತ್ತಾರೆ. ಪೆಸಿಫಿಕ್ ದಂಡೆಯ ಊರುಗಳಿಗೆ ಹೊರಟವರಲ್ಲಿ ಕೆಲವರು ಯುರೋಪಿನ ದಾರಿಯನ್ನು ಬಿಟ್ಟು ಪೂರ್ವದ ದಾರಿ ಹಿಡಿಯುತ್ತಾರೆ. ಟೋಕಿಯೋದಲ್ಲಿ ವಿಮಾನ ಬದಲಿಸಬೇಕು. ಹೊರಡುವ ಮುನ್ನ ಬಂಧುಗಳು ಕೇಳುವ ಮೊದಲ ಪ್ರಶ್ನೆ, ನಡುವೆ ಎಷ್ಟು ಹೊತ್ತು ಕಾಯಬೇಕು ಎಂಬುದು. ಎರಡು ಗಂಟೆ ಎಂದರೆ ಸಮಾಧಾನ. ಎಂಟು ಗಂಟೆ ಎಂದರೆ ಅಯ್ಯೋ ಪಾಪ ಎಂಬ ಉದ್ಗಾರ. ಕಾಯುವಿಕೆಯನ್ನು ನಾವು ಕಾಯಿಲೆಯ ಹಾಗೆ ವಿಚಾರಿಸಿಕೊಳ್ಳುತ್ತೇವೆ.

ಈ ಅನುಕಂಪ ಅನಗತ್ಯವೆಂದು ಹೇಳುವುದೇ ಈ ಬರಹದ ಉದ್ದೇಶ. ನಮ್ಮ ವಯಸ್ಸಿನ ಪ್ರಯಾಣಿಕರಿಗೆ ಆ ಆರೆಂಟು ಗಂಟೆಗಳು ಇಡೀ ಪ್ರವಾಸದಲ್ಲಿ ನಿಜವಾಗಿ ಅವರದೇ ಆದ ಹೊತ್ತು. ಅದನ್ನು ಕುರ್ಚಿಯ ಮೇಲೆ ಕಳೆಯದೆ ಬಳಸಿಕೊಳ್ಳಬೇಕು. ಸಾಧ್ಯವಾದರೆ ಕೇಳಿಯೇ ಪಡೆದುಕೊಳ್ಳಬೇಕು.

ನಮ್ಮ ಹಿರಿಯರಿಗೆ ದಾರಿಯ ನಡುವೆ ನಿಲ್ಲುವುದು ದಂಡವೆಂದು ತೋರಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಎಷ್ಟು ಮಾತುಗಳಿವೆ ನೋಡಿ: ಛತ್ರ, ಅರವಟ್ಟಿಗೆ, ತಂಗುದಾಣ, ಬೀಡು, ಅಶ್ವತ್ಥಕಟ್ಟೆ. ಇವೆಲ್ಲವೂ ನಿಂತವನಿಗೆ ಏನಾದರೊಂದು ಸಿಗುವ ಜಾಗಗಳು. ನೀರು ಸಿಗುತ್ತಿತ್ತು, ಮಜ್ಜಿಗೆ ಸಿಗುತ್ತಿತ್ತು, ಬೇರೆ ಊರಿನ ಸುದ್ದಿ ಸಿಗುತ್ತಿತ್ತು. ಪ್ರಯಾಣದ ಪುಣ್ಯದಲ್ಲಿ ಈ ನಿಲುಗಡೆಗಳಿಗೂ ಪಾಲಿತ್ತು. ವಿಮಾನ ಬಂದ ಮೇಲೆ ನಾವು ದಾರಿಯನ್ನೇ ಲೆಕ್ಕದಿಂದ ಹೊಡೆದುಹಾಕಿದೆವು. ಹೊರಟ ಊರು ಮತ್ತು ಸೇರುವ ಊರು ಎರಡೇ ಉಳಿದವು, ನಡುವಿನದೆಲ್ಲ ಅಡ್ಡಿಯಾಯಿತು.

ಜಪಾನಿನ ನಿಲುಗಡೆಯ ವಿಷಯದಲ್ಲಂತೂ ಮುಂಬಯಿಗೂ ಮೈಸೂರಿಗೂ ಸಂಬಂಧಪಟ್ಟ ಒಂದು ಪೂರ್ವಕಥೆಯಿದೆ. 1893ರ ಮೇ 31ರಂದು ಸ್ವಾಮಿ ವಿವೇಕಾನಂದರು ಮುಂಬಯಿ ಬಂದರಿನಿಂದ ಹಡಗು ಹತ್ತಿದರು. ಗುರಿ ಷಿಕಾಗೋ. ಕೊಲಂಬೊ, ಪಿನಾಂಗ್, ಸಿಂಗಾಪುರ, ಹಾಂಗ್‌ಕಾಂಗ್ ಕಳೆದು ಹಡಗು ಜಪಾನಿಗೆ ಬಂತು. ನಾಗಸಾಕಿ ಮುಗಿದು ಕೋಬೆ ಬಂದಾಗ ಅವರು ಹಡಗಿನಲ್ಲಿಯೇ ಕುಳಿತು ಯೊಕೊಹಾಮಾಕ್ಕೆ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಕೋಬೆಯಲ್ಲಿ ಇಳಿದು, ಒಳನಾಡನ್ನು ನೋಡುವ ಸಲುವಾಗಿಯೇ ಒಸಾಕಾ, ಕ್ಯೋಟೋ, ಟೋಕಿಯೋ ನಗರಗಳನ್ನು ನೋಡುತ್ತ ನೆಲದ ಮಾರ್ಗವಾಗಿ ಯೊಕೊಹಾಮಾ ಸೇರಿದರು. ಜುಲೈ 10ರಂದು ಅಲ್ಲಿಂದ ಮದರಾಸಿನ ಶಿಷ್ಯರಿಗೆ ಬರೆದ ಕಾಗದ ಪ್ರಸಿದ್ಧವಾದುದು. ಆ ಶಿಷ್ಯರ ಮುಂದಾಳು ಅಳಸಿಂಗ ಪೆರುಮಾಳ್ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಜಪಾನೀಯರ ಅಚ್ಚುಕಟ್ಟು, ಅವರ ಬಂದರು, ಬೆಂಕಿಕಡ್ಡಿಯ ಕಾರ್ಖಾನೆ, ಇವುಗಳೊಂದಿಗೆ ದೇವಾಲಯಗಳ ಗೋಡೆಯ ಮೇಲೆ ಕಂಡ ಸಂಸ್ಕೃತ ಮಂತ್ರಗಳನ್ನೂ ಅವರು ಗುರುತಿಸಿದ್ದರು. ಲಿಪಿ ಹಳೆಯ ಬಂಗಾಳಿಯಂತೆ ತೋರಿತ್ತು. ನಮ್ಮ ತರುಣರು ಪ್ರತಿವರ್ಷ ಚೀನಾ ಜಪಾನುಗಳನ್ನು ನೋಡಿಬರಬೇಕೆಂದೂ ಅವರು ಬಯಸಿದರು.

ಜುಲೈ 14ರಂದು ಅವರು ಯೊಕೊಹಾಮಾದಿಂದ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಹೊರಟರು. ಅದೇ ಪ್ರಯಾಣದಲ್ಲಿ ಜಮ್‌ಶೇಟ್‌ಜಿ ಟಾಟಾ ಅವರ ಜೊತೆಯಾದರು. ಟಾಟಾ ಅಂದು ಜಪಾನಿಗೆ ಬಂದದ್ದು ವ್ಯಾಪಾರಕ್ಕಾಗಿ. ಅದೇ ವರ್ಷದ ನವೆಂಬರಿನಲ್ಲಿ ನಿಪ್ಪೋನ್ ಯೂಸೆನ್ ಕೈಷಾ ಎಂಬ ಕಂಪನಿ ಟಾಟಾ ಅವರ ಸಹಕಾರದಿಂದ ಕೋಬೆ ಮತ್ತು ಮುಂಬಯಿ ನಡುವೆ ಹಡಗು ಓಡಿಸಲು ಆರಂಭಿಸಿತು. ಹತ್ತಿಯ ಸಾಗಣೆ ಅದರ ಮುಖ್ಯ ಕೆಲಸ. ಐದು ವರ್ಷಗಳ ಮೇಲೆ, 1898ರ ನವೆಂಬರಿನಲ್ಲಿ, ಟಾಟಾ ವಿವೇಕಾನಂದರಿಗೆ ಕಾಗದ ಬರೆದು ಜಪಾನಿನಿಂದ ಜೊತೆಯಾಗಿ ಮಾಡಿದ ಪ್ರಯಾಣವನ್ನು ನೆನಪಿಸಿದರು. ತಾವು ಕಟ್ಟಬೇಕೆಂದಿದ್ದ ವಿಜ್ಞಾನ ಸಂಶೋಧನಾ ಸಂಸ್ಥೆಗೆ ಅವರ ಬೆಂಬಲ ಕೇಳಿದರು. ಆ ಸಂಸ್ಥೆ ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ, 1909ರಲ್ಲಿ, ಬೆಂಗಳೂರಿನಲ್ಲಿ ರೂಪುಗೊಂಡಿತು. ಇಂದಿಗೂ ಬೆಂಗಳೂರಿನವರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಒಂದು ನಿಲುಗಡೆಯಿಂದಲೇ ಎಲ್ಲವೂ ಆಯಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಆದರೆ ದಾರಿಯ ನಡುವೆ ಕಣ್ಣು ತೆರೆದಿದ್ದವರಿಗೆ ಏನು ದಕ್ಕಬಹುದು ಎಂಬುದಕ್ಕೆ ಇದು ಸಾಕಷ್ಟು ದೊಡ್ಡ ಉದಾಹರಣೆ.

ಇದೇ 1898ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ರಜೆ ಹಾಕಿ ಜಪಾನಿಗೆ ಹೋಗಿದ್ದರು. ಅವರದು ನಿಲುಗಡೆಯಲ್ಲ, ಮೂರು ತಿಂಗಳ ಅಧ್ಯಯನ. ಶಾಲೆಗಳನ್ನೂ ಕೈಗಾರಿಕೆಗಳನ್ನೂ ನೋಡಿ ಬಂದರು. ಮುಂದೆ ದಿವಾನರಾದಾಗ ಶಿಕ್ಷಣ ಮತ್ತು ಉದ್ಯಮದ ಬಗೆಗಿನ ಅವರ ಹಟದಲ್ಲಿ ಆ ನೋಟದ ಅಂಶ ಇದ್ದೇ ಇತ್ತು. ಇಬ್ಬರೂ ನಮಗೆ ಹೇಳುವುದು ಒಂದೇ. ನೋಡಲು ಹೋದವನಿಗೆ ಕಾಲ ಎಷ್ಟಿದೆ ಎಂಬುದಕ್ಕಿಂತ ಯಾವುದನ್ನು ನೋಡಬೇಕೆಂದು ಗೊತ್ತಿರುವುದು ಮುಖ್ಯ.

ಈಗ ನಮ್ಮ ಕಾಲದ ಪ್ರಯಾಣಿಕರತ್ತ ಬರೋಣ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆಗ ಅಂಥ ಪ್ರಯಾಣ ಅಪರೂಪ. ಈಗ ಅದು ನಮ್ಮ ಓಣಿಯ ದಿನಚರಿ. ಆದರೆ ಇಂದು ಹೋಗುವವರಲ್ಲಿ ಹೆಚ್ಚಿನವರು ಪ್ರವಾಸಿಗಳಾಗಿ ಹೋಗುವುದಿಲ್ಲ. ಮೊಮ್ಮಗುವಿನ ಬಾಣಂತನಕ್ಕೆ, ಮಗಳ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ, ಸೊಸೆಯ ಪರೀಕ್ಷೆಗೆ ಹೋಗುತ್ತಾರೆ. ಆರು ತಿಂಗಳು ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರ ಕಾರಿನಲ್ಲಿ, ಇನ್ನೊಬ್ಬರ ವಾರಾಂತ್ಯಕ್ಕೆ ಕಾದು ಬದುಕುತ್ತಾರೆ. ಮಕ್ಕಳು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಆದರೂ ಅಲ್ಲಿ ಕಾಲಿಟ್ಟ ದಿನದಿಂದ ಹೊರಡುವ ದಿನದವರೆಗೆ ತಾವೇ ನಿರ್ಧರಿಸಿ ತಾವೇ ನಡೆದುಹೋಗಿ ನೋಡಿದ ಜಾಗ ಒಂದಾದರೂ ಇದೆಯೇ ಎಂದು ಕೇಳಿದರೆ ಅನೇಕರು ಸುಮ್ಮನಾಗುತ್ತಾರೆ. ಟಿಕೆಟಿನ ಆಯ್ಕೆಯೂ ಅವರದಲ್ಲ. ಮಕ್ಕಳು ಅಲ್ಲಿಂದಲೇ ಕಾದಿರಿಸಿ, ಅಪ್ಪ ಅಮ್ಮನಿಗೆ ಆಯಾಸವಾಗದಿರಲಿ ಎಂದು ಅತಿ ಕಡಿಮೆ ಕಾಯುವಿಕೆಯ ವಿಮಾನ ಹುಡುಕುತ್ತಾರೆ, ಗಾಲಿಕುರ್ಚಿಯನ್ನೂ ಹೇಳಿಡುತ್ತಾರೆ.

ಗಾಲಿಕುರ್ಚಿಯ ಬಗ್ಗೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಮೊಣಕಾಲು ನಿಜವಾಗಿ ಸೋತವರಿಗೆ ಅದು ವರ. ಆದರೆ ಕಾಂದಿವಲಿ ಸ್ಟೇಷನ್ನಿನ ಮೇಲ್ಸೇತುವೆಯನ್ನು ದಿನವೂ ಹತ್ತಿ ಇಳಿದು ತರಕಾರಿ ತರುವವರೂ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳುವುದುಂಟು. ಅದು ಕಾಲಿನ ಅಂಜಿಕೆಯಲ್ಲ, ಭಾಷೆಯ ಅಂಜಿಕೆ. ದಾರಿ ತಪ್ಪಿದರೆ ಯಾರನ್ನು ಏನೆಂದು ಕೇಳುವುದು ಎಂಬ ದಿಗಿಲು. ಕುರ್ಚಿ ತಳ್ಳುವವರು ತಂದು ದ್ವಾರದ ಮುಂದೆ ಬಿಡುತ್ತಾರೆ. ಅಲ್ಲಿಂದ ಕದಲಿದರೆ ಮತ್ತೆ ಯಾರೂ ಬರಲಾರರೆಂದು ಆರು ಗಂಟೆ ಕದಲದೆ ಕೂರುತ್ತಾರೆ. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರನ್ನೂ ಬಿಡುತ್ತಾರೆ. ಮುಂಬಯಿಯಂಥ ಊರಿನಲ್ಲಿ ನಾಲ್ಕು ಭಾಷೆಗಳ ನಡುವೆ ಸಂಸಾರ ಮಾಡಿದ ಜನ ಇವರು. ಊರು ಬಿಟ್ಟು ಬಂದ ದಿನ ಮರಾಠಿಯ ಒಂದಕ್ಷರವೂ ಗೊತ್ತಿರಲಿಲ್ಲ; ಆದರೂ ಲೋಕಲ್ ಹತ್ತಿದರು. ಆ ಧೈರ್ಯವನ್ನು ಅವರಿಗೆ ನೆನಪಿಸಬೇಕಾಗಿದೆ.

ಆರೆಂಟು ಗಂಟೆಗಳಲ್ಲಿ ಏನು ಸಾಧ್ಯ? ಮೊದಲು ಲೆಕ್ಕ. ಭಾರತೀಯ ಪಾಸ್‌ಪೋರ್ಟ್ ಇರುವವರು ಜಪಾನಿನ ನಿಲ್ದಾಣದಿಂದ ಹೊರಗೆ ಕಾಲಿಡಲು ವೀಸಾ ಬೇಕು. ಒಂದೇ ನಿಲ್ದಾಣದಲ್ಲಿ ವಿಮಾನ ಬದಲಿಸಿ ಒಳಗೇ ಉಳಿಯುವುದಾದರೆ ಬೇಡ. ನರಿತಾದಲ್ಲಿ ಇಳಿದು ಹಾನೆದಾದಿಂದ ಹೊರಡುವ ಟಿಕೆಟಾದರೆ ಹೊರಗೆ ಬರಲೇಬೇಕು, ಆಗ ವೀಸಾ ಕಡ್ಡಾಯ. ಆದ್ದರಿಂದ ಹೊರಡುವ ಮೊದಲೇ ಮುಂಬಯಿಯಲ್ಲಿ ಆ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದು ದೊಡ್ಡ ಪೆಟ್ಟಿಗೆಗಳು ನೇರ ಅಮೆರಿಕಕ್ಕೆ ಹೋಗುವಂತಿರಬೇಕು. ಕೈಚೀಲವನ್ನು ನಿಲ್ದಾಣದ ಲಾಕರಿನಲ್ಲಿ ಇಡಬಹುದು. ಏಳು ಗಂಟೆಯ ಬಿಡುವಿದ್ದರೆ ಹೊರಬರಲು ಒಂದೂವರೆ ಗಂಟೆ, ಮರಳಿ ತಪಾಸಣೆ ಮುಗಿಸಿ ದ್ವಾರ ಸೇರಲು ಎರಡೂವರೆ ಗಂಟೆ ತೆಗೆದಿಟ್ಟರೆ ಮೂರು ಗಂಟೆ ಕೈಯಲ್ಲಿ ಉಳಿಯುತ್ತದೆ. ಐದು ಗಂಟೆಗಿಂತ ಕಡಿಮೆಯಾದರೆ ಹೊರಗೆ ಹೋಗುವ ಯೋಚನೆಯನ್ನೇ ಬಿಡಬೇಕು.

ಮೂರು ಗಂಟೆ ಸಿಕ್ಕಿತೆಂದು ಟೋಕಿಯೋಕ್ಕೆ ಓಡುವುದು ಅವಿವೇಕ. ನರಿತಾದಿಂದ ಟೋಕಿಯೋ ನಗರಮಧ್ಯಕ್ಕೆ ಸುಮಾರು 60 ಕಿಲೋಮೀಟರು. ಆದರೆ ನರಿತಾ ಎಂಬುದು ಬರಿಯ ನಿಲ್ದಾಣದ ಹೆಸರಲ್ಲ, ಅದೊಂದು ಊರು. ನಿಲ್ದಾಣದ ನೆಲಮಾಳಿಗೆಯಿಂದಲೇ ಹೊರಡುವ ರೈಲಿನಲ್ಲಿ ಹತ್ತು ನಿಮಿಷ. ಕಾಂದಿವಲಿಯಿಂದ ಅಂಧೇರಿಗೆ ಹೋಗುವಷ್ಟು ಹೊತ್ತೂ ಬೇಡ. ಸ್ಟೇಷನ್ನಿನಿಂದ ದೇವಾಲಯದವರೆಗೆ ಸುಮಾರು 800 ಮೀಟರಿನ ಹಳೆಯ ಬೀದಿ, ಓಮೊತೆಸಾಂದೊ. ಎರಡೂ ಕಡೆ ಮರದ ಮುಂಗಟ್ಟಿನ ಅಂಗಡಿಗಳು. ಹಾವುಮೀನನ್ನು ಬೀದಿಗೆ ಕಾಣುವಂತೆಯೇ ಹೆಚ್ಚಿ ಸುಡುವ ಹೋಟೆಲುಗಳಿಗೆ ಆ ಬೀದಿ ಹೆಸರಾಗಿದೆ. ಸಸ್ಯಾಹಾರಿಗಳು ಮುಂಚಿತವಾಗಿ ತಿಳಿದಿದ್ದರೆ ಬೆಚ್ಚುವುದಿಲ್ಲ. ಕರಾವಳಿಯವರಿಗೆ ಅದೇ ಆಕರ್ಷಣೆಯೂ ಆಗಬಹುದು. ಮೀನು ಮಾಂಸ ಕಾಣದ ಸಾರಿನಲ್ಲೂ ಒಣಮೀನಿನ ತಿಳಿ ಇರುವುದು ಅಲ್ಲಿನ ರೂಢಿ ಎಂಬುದನ್ನು ಮರೆಯಬಾರದು. ಅಲಸಂದೆಯ ಜಾತಿಯ ಕೆಂಪು ಕಾಳು, ಸಕ್ಕರೆ, ಕಡಲಪಾಚಿಯ ಅಂಟು ಸೇರಿಸಿ ಮಾಡುವ ಯೋಕಾನ್ ಎಂಬ ಸಿಹಿ ಆ ಊರಿನ ವಿಶೇಷ. ನಮ್ಮ ಹಲ್ವಕ್ಕೆ ದೂರದ ನೆಂಟನೆಂದು ಹೇಳಬಹುದು; ತುಪ್ಪವಿಲ್ಲ ಅಷ್ಟೆ.

ಬೀದಿಯ ಕೊನೆಯಲ್ಲಿ ನರಿತಾಸಾನ್ ಶಿನ್‌ಶೋಜಿ. ಸ್ಥಾಪನೆ 940ರಲ್ಲಿ. ಪಂಪ ತನ್ನ ಕಾವ್ಯಗಳನ್ನು ರಚಿಸಿದ ಕಾಲ ಅದು, ಆದಿಪುರಾಣ 941ರದು. ತಾಯಿರಾ ನೊ ಮಸಾಕಾದೊ ಎಂಬ ಸರದಾರನ ದಂಗೆ ಅಡಗಲೆಂದು ಕ್ಯೋಟೋದಿಂದ ತಂದ ಮೂರ್ತಿಯನ್ನು ಪೂಜಿಸಿದ್ದೇ ಈ ದೇವಾಲಯದ ಮೂಲವೆಂದು ಸ್ಥಳಪುರಾಣ. ಮೂರ್ತಿ ಫುದೊ ಮ್ಯೋಓ, ಅಂದರೆ ಸಂಸ್ಕೃತದ ಅಚಲನಾಥ. ಕೈಯಲ್ಲಿ ಖಡ್ಗ, ಪಾಶ, ಬೆನ್ನಿಗೆ ಜ್ವಾಲೆ. ನಮ್ಮ ಊರುಗಳ ಉಗ್ರದೈವಗಳನ್ನು ಕಂಡವರಿಗೆ ಆ ಮುಖ ಅಪರಿಚಿತವೆನಿಸುವುದಿಲ್ಲ. ದಿನಕ್ಕೆ ಹಲವು ಬಾರಿ ಅಲ್ಲಿ ‘ಗೋಮಾ’ ನಡೆಯುತ್ತದೆ. ಕಟ್ಟಿಗೆಯ ತುಂಡುಗಳನ್ನು ಅಗ್ನಿಗೆ ಅರ್ಪಿಸುತ್ತ, ದೊಡ್ಡ ನಗಾರಿಯ ಹೊಡೆತಕ್ಕೆ ಮಂತ್ರ ಹೇಳುತ್ತಾರೆ. ಕೊನೆಗೆ ಭಕ್ತರ ಕೈಚೀಲಗಳನ್ನು ಆ ಜ್ವಾಲೆಗೆ ಹಿಡಿದು ಹಿಂದಿರುಗಿಸುತ್ತಾರೆ. ಗೋಮಾ ಎಂಬುದು ನಮ್ಮ ‘ಹೋಮ’ವೇ, ಚೀನಾದ ಮಾರ್ಗವಾಗಿ ಹೋಗುವಾಗ ಉಚ್ಚಾರ ಬದಲಾಯಿತು.

ಈ ಹೋಮ ಅಲ್ಲಿಗೆ ಹೋದದ್ದು ಹೇಗೆ ಎಂಬುದು ನಮ್ಮಂಥ ಸಾಹಿತ್ಯಾಸಕ್ತರಿಗೆ ಇನ್ನೂ ರುಚಿಕರ. ಕೂಕಾಯ್ ಎಂಬ ಭಿಕ್ಷು 804ರಲ್ಲಿ ಚೀನಾಕ್ಕೆ ಹೋಗಿ, ಅಲ್ಲಿದ್ದ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿ ಸಂಸ್ಕೃತ ಕಲಿತು, 806ರಲ್ಲಿ ಮರಳಿ ಶಿಂಗೋನ್ ಪಂಥವನ್ನು ನೆಲೆಗೊಳಿಸಿದ. ಶಿಂಗೋನ್ ಎಂದರೆ ಸತ್ಯವಾಕ್ಕು, ಮಂತ್ರ. ಆ ಪಂಥದವರು ಬೀಜಾಕ್ಷರಗಳನ್ನು ಸಿದ್ಧಮ್ ಎಂಬ ಭಾರತೀಯ ಲಿಪಿಯಲ್ಲಿ ಇಂದಿಗೂ ಬರೆಯುತ್ತಾರೆ. ವಿವೇಕಾನಂದರಿಗೆ ಹಳೆಯ ಬಂಗಾಳಿಯಂತೆ ಕಂಡದ್ದು ಈ ಲಿಪಿಯೇ ಇರಬೇಕು. ಸಿದ್ಧಮ್ ಅಭ್ಯಾಸ ಮಾಡಿದ ಭಿಕ್ಷುಗಳು ತಮ್ಮ ಭಾಷೆಯ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿದರು. ಜಪಾನೀ ಮಕ್ಕಳು ಇಂದು ಬಾಯಿಪಾಠ ಮಾಡುವ ವರ್ಣಮಾಲೆ ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ನಮ್ಮ ಚ ವರ್ಗದ ಜಾಗದಲ್ಲಿ ಸ ಇದೆ, ಪ ವರ್ಗದ ಜಾಗದಲ್ಲಿ ಹ ಇದೆ. ಹಾಗೇಕೆ? ಹಿಂದೆ ಆ ಭಾಷೆಯಲ್ಲಿ ಅಲ್ಲಿ ಪಕಾರವೇ ಇತ್ತು. ಕಾಲಕ್ರಮದಲ್ಲಿ ಅದು ಹಕಾರವಾಯಿತು. ಪಾಲು ಹಾಲಾದ, ಪೂ ಹೂವಾದ ಭಾಷೆಯನ್ನಾಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಇದರಿಂದ ಎರಡು ಭಾಷೆಗಳಿಗೂ ರಕ್ತಸಂಬಂಧವಿದೆ ಎಂದು ಸಾಧಿಸಹೊರಡಬೇಕಾಗಿಲ್ಲ. ಅಪರಿಚಿತವೆಂದು ಹೆದರಿದ ಊರಿನಲ್ಲಿ ನಮ್ಮ ಕಾಗುಣಿತದ ನೆರಳು ಕಂಡರೆ ಹೆದರಿಕೆ ಅರ್ಧ ಇಳಿಯುತ್ತದೆ, ಅಷ್ಟು ಸಾಕು.

ಹಾನೆದಾದಲ್ಲಿ ಇಳಿಯುವವರಿಗೆ ಕವಾಸಾಕಿ ದಾಯ್ಶಿ ಎಂಬ ಇನ್ನೊಂದು ಶಿಂಗೋನ್ ದೇವಾಲಯ ಹತ್ತಿರ. ಎಂಟು ಹತ್ತು ಗಂಟೆ ಇದ್ದವರು ಅಸಾಕುಸಾದ ಸೆನ್‌ಸೋಜಿಗೆ ಹೋಗಬಹುದು. ಅಲ್ಲಿಯ ಕನ್ನೋನ್ ನಮ್ಮ ಅವಲೋಕಿತೇಶ್ವರನೇ. ಉಯೆನೋದ ಕೊಳದ ನಡುವೆ ಬೆಂಝೈತೆನ್ ಇದ್ದಾಳೆ, ಅವಳು ಸರಸ್ವತಿ. ಆದರೆ ಒಂದೇ ನಿಲುಗಡೆಯಲ್ಲಿ ಇವೆಲ್ಲವನ್ನೂ ಮುಗಿಸುತ್ತೇನೆಂದು ಹೊರಟವರು ಯಾವುದನ್ನೂ ನೋಡದೆ ಬೆವರಿ ಬರುತ್ತಾರೆ. ಒಂದು ಜಾಗ, ಒಂದು ಬೀದಿ, ಒಂದು ಕಪ್ಪು ಚಹಾ ಎಂಬುದೇ ಸರಿಯಾದ ಪ್ರಮಾಣ.

ನರಿತಾಕ್ಕೆ ಇನ್ನೊಂದು ಮುಖವಿದೆ; ಕನ್ನಡಿಗರು ಅದನ್ನೂ ತಿಳಿದಿರಬೇಕು. ನಾವು ಇಳಿಯುವ ಓಡುದಾರಿಯೇ ಹೊಲವಾಗಿತ್ತು. 1966ರಲ್ಲಿ ಸರ್ಕಾರ ಸಾನ್‌ರಿಝುಕಾ ಎಂಬ ಪ್ರದೇಶವನ್ನು ರೈತರನ್ನು ಕೇಳದೆಯೇ ವಿಮಾನ ನಿಲ್ದಾಣಕ್ಕೆ ಆರಿಸಿತು. ಯುದ್ಧದ ನಂತರ ನೆಲೆ ತಪ್ಪಿ ಬಂದು ಕಾಡು ಕಡಿದು ಹೊಲ ಮಾಡಿಕೊಂಡವರು ಅವರಲ್ಲಿ ಅನೇಕರಿದ್ದರು. ಹೋರಾಟ ವರ್ಷಗಟ್ಟಲೆ ನಡೆಯಿತು. ಪೊಲೀಸರೂ ಹೋರಾಟಗಾರರೂ ಸತ್ತರು. 1978ರ ಮಾರ್ಚಿನಲ್ಲಿ, ಉದ್ಘಾಟನೆಗೆ ನಾಲ್ಕು ದಿನ ಇರುವಾಗ, ಪ್ರತಿಭಟನಾಕಾರರು ನಿಯಂತ್ರಣ ಗೋಪುರಕ್ಕೆ ನುಗ್ಗಿ ಯಂತ್ರಗಳನ್ನು ಒಡೆದರು. ನಿಲ್ದಾಣ ತೆರೆದದ್ದು ಮೇ 20ರಂದು. ಎರಡನೆಯ ಓಡುದಾರಿ 2002ರಲ್ಲಿ ಬಂದಾಗಲೂ ಕೆಲವರು ನೆಲ ಬಿಟ್ಟುಕೊಡದ ಕಾರಣ ಅದನ್ನು 2,180 ಮೀಟರಿಗೇ ಮೊಟಕುಗೊಳಿಸಬೇಕಾಯಿತು. 1995ರಲ್ಲಿ ಪ್ರಧಾನಿ ಮುರಾಯಾಮಾ ಆ ಜನರ ಕ್ಷಮೆ ಕೇಳಿದ್ದರು. ನಮ್ಮ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟದ್ದು ಓದುಗರ ನೆನಪಿನಲ್ಲಿರುತ್ತದೆ. ಅದೂ ವಿಮಾನ ನಿಲ್ದಾಣದ ಪಕ್ಕದ ನೆಲವೇ. ಇದನ್ನು ತಿಳಿದ ಪ್ರಯಾಣಿಕ ಕಿಟಕಿಯಿಂದ ಹಸುರು ಹೊಲ ಕಂಡಾಗ ಬರಿದೇ ಚಂದವೆಂದು ಹೇಳಿ ಸುಮ್ಮನಾಗಲಾರ.

ಹೊರಗೆ ಹೋಗಲಾಗದವರ ಗತಿಯೇನು? ವೀಸಾ ಸಿಗದಿರಬಹುದು, ಹೊತ್ತು ಸಾಲದಿರಬಹುದು, ದೇಹ ಒಪ್ಪದಿರಬಹುದು. ಅವರಿಗೂ ಕುರ್ಚಿಯೊಂದೇ ಗತಿಯಲ್ಲ. ನಿಲ್ದಾಣದ ಒಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ನಡೆಯುವುದೇ ಕಾಲಿನ ಊತಕ್ಕೆ ಒಳ್ಳೆಯ ಮದ್ದು. ಫಲಕಗಳಲ್ಲಿ ಮೂರು ಲಿಪಿಗಳು ಬೆರೆತಿರುತ್ತವೆ: ಚೀನೀ ಮೂಲದ ಚಿತ್ರಾಕ್ಷರ, ದುಂಡಗಿನ ಹಿರಗಾನ, ಕೋನಗಳ ಕತಕಾನ. ಇಂಗ್ಲಿಷಿನಿಂದ ಬಂದ ಶಬ್ದಗಳೆಲ್ಲ ಕತಕಾನದಲ್ಲಿರುವುದರಿಂದ ಹತ್ತು ಅಕ್ಷರ ಗೊತ್ತಾದರೆ ‘ಕೋಹೀ’ ಎಂದರೆ ಕಾಫಿ ಎಂದು ಓದಿಕೊಳ್ಳಬಹುದು. ಎಪ್ಪತ್ತರ ವಯಸ್ಸಿನಲ್ಲಿ ಹೊಸ ಲಿಪಿಯ ಒಂದು ಶಬ್ದವನ್ನು ಓದಿದ ಸಂತೋಷ ಸಣ್ಣದಲ್ಲ. ಅಲ್ಲಿ ಬೆಳಗಿನ ಒಂಬತ್ತಾದಾಗ ಕಾಂದಿವಲಿಯಲ್ಲಿ ಐದೂವರೆ. ಮನೆಯವರು ನಿದ್ದೆಯಲ್ಲಿರುವಾಗ ತಾವು ಸೂರ್ಯನನ್ನು ಮೊದಲೇ ಕಂಡೆವೆಂದು ಬರೆದಿಟ್ಟುಕೊಳ್ಳಬಹುದು.

ಆಕ್ಷೇಪಗಳನ್ನು ನಾವು ಕೇಳಿದ್ದೇವೆ. ವಯಸ್ಸಾದವರಿಗೆ ಏಕೆ ಈ ಉಸಾಬರಿ, ದಾರಿ ತಪ್ಪಿದರೆ, ವಿಮಾನ ಹೋದರೆ, ಸಕ್ಕರೆ ಇಳಿದರೆ? ಇವು ಹುಸಿ ಭಯಗಳಲ್ಲ. ಉತ್ತರ ಸಿದ್ಧತೆಯಲ್ಲಿದೆ. ಹಿಂದಿರುಗುವ ರೈಲಿನ ವೇಳೆ, ಟರ್ಮಿನಲ್ಲಿನ ಸಂಖ್ಯೆ, ದ್ವಾರ ಮುಚ್ಚುವ ಹೊತ್ತು, ಇವನ್ನು ಜೇಬಿನ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಳ್ಳಬೇಕು. ಫೋನಿನ ಬ್ಯಾಟರಿಯನ್ನು ನಂಬಬಾರದು. ಔಷಧಿ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಬೇಕು, ವೈದ್ಯರ ಚೀಟಿಯೂ ಜೊತೆಗಿರಬೇಕು. ನೆಗಡಿಗೆ ನಾವು ಬಳಸುವ, ಸೂಡೋಎಫೆಡ್ರಿನ್ ಹೆಚ್ಚಿರುವ ಕೆಲವು ಮಾತ್ರೆಗಳಿಗೆ ಜಪಾನಿನಲ್ಲಿ ನಿಷೇಧವಿದೆ. ಹಣ್ಣು, ಕರಿಬೇವಿನಂಥ ಹಸಿಪದಾರ್ಥಗಳನ್ನು ಹೊರಗೆ ಒಯ್ಯುವಂತಿಲ್ಲ. ಒಬ್ಬರೇ ಹೋಗುವುದು ಬೇಡವೆನಿಸಿದರೆ ನರಿತಾ ನಿಲ್ದಾಣದವರೇ ನಡುದಾರಿಯ ಪ್ರಯಾಣಿಕರಿಗಾಗಿ ಸ್ವಯಂಸೇವಕರ ಮಾರ್ಗದರ್ಶನದ ಏರ್ಪಾಡು ಮಾಡಿದ್ದಾರೆ. ಅದು ನಡೆಯುವ ದಿನವನ್ನು ಮಕ್ಕಳು ಮುಂಚೆಯೇ ನೋಡಿ ಹೇಳಬಹುದು. ಇಷ್ಟೆಲ್ಲ ಆದ ಮೇಲೂ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ. ಆದರೆ ಎಂಟು ಗಂಟೆ ಕುಳಿತು, ಮತ್ತೆ ಆರು ಗಂಟೆ ಕುಳಿತು, ಮತ್ತೆ ಹತ್ತು ಗಂಟೆ ಕೂರುವುದೂ ಅಪಾಯವೇ. ಅದನ್ನು ಮಾತ್ರ ನಾವು ಸುರಕ್ಷಿತವೆಂದು ಕರೆಯುತ್ತೇವೆ.

ಇನ್ನೊಂದು ಆಕ್ಷೇಪ ನಮ್ಮ ಬಳಗದ ಒಳಗಿನದು, ಹೆಚ್ಚು ಗಂಭೀರವಾದುದು. ಮೂರು ಗಂಟೆ ನೋಡಿದ್ದನ್ನು ನೋಟವೆನ್ನಬಹುದೇ? ಹಾಗೆ ನೋಡಿ ಬಂದವರೆಲ್ಲ ಜಪಾನ್ ಪ್ರವಾಸಕಥನ ಬರೆಯತೊಡಗಿದರೆ ಕನ್ನಡದ ಗತಿಯೇನು? ಆಕ್ಷೇಪ ನ್ಯಾಯವಾದುದು. ಜಪಾನೀಯರು ಶಿಸ್ತಿನವರು, ರಸ್ತೆ ಸ್ವಚ್ಛ, ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬ ಮೂರು ವಾಕ್ಯಗಳನ್ನು ನೂರು ಬಾರಿ ಓದಿ ನಾವೂ ದಣಿದಿದ್ದೇವೆ. ಅವನ್ನು ಬರೆಯಲು ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ. ಮೂರು ಗಂಟೆಯವರು ಮೂರು ಗಂಟೆಯಷ್ಟನ್ನೇ ಬರೆಯಲಿ. ಹೋಮದ ಹೊಗೆ ಯಾವ ಕಟ್ಟಿಗೆಯ ವಾಸನೆ ಹೊಂದಿತ್ತು, ನಗಾರಿ ಹೊಡೆದವರ ವಯಸ್ಸೆಷ್ಟು, ಅಂಗಡಿಯ ಮುದುಕಿ ಚಿಲ್ಲರೆಯನ್ನು ಹೇಗೆ ತಟ್ಟೆಯಲ್ಲಿಟ್ಟು ಕೊಟ್ಟಳು, ಇವು ಸಾಕು. ದೇಶದ ಬಗ್ಗೆ ತೀರ್ಪು ಬೇಡ. ಅಂಥ ಎರಡು ಪುಟಗಳನ್ನು ನಮ್ಮ ತಿಂಗಳ ಸಭೆಯಲ್ಲಿ ಯಾರಾದರೂ ಓದಿದರೆ ನಾವು ಆಕಳಿಸುವುದಿಲ್ಲ.

ಕೊನೆಯ ಮಾತು ದೂರದಲ್ಲಿರುವ ಮಕ್ಕಳಿಗೆ. ಮುಂದಿನ ಬಾರಿ ಅಪ್ಪ ಅಮ್ಮನ ಟಿಕೆಟ್ ತೆಗೆಯುವಾಗ ಅತಿ ಚಿಕ್ಕ ಬಿಡುವನ್ನು ನೀವೇ ಆರಿಸಬೇಡಿ. ನಡುವೆ ಒಂದು ಹಗಲು ಸಿಗುವ ವಿಮಾನವೂ ಇದೆ, ಬೇಕೇ ಎಂದು ಒಮ್ಮೆ ಅವರನ್ನು ಕೇಳಿ. ಬೇಡವೆಂದರೆ ಬೇಡ. ಬೇಕೆಂದರೆ ವೀಸಾದ ಅರ್ಜಿ ತುಂಬಿಕೊಡಿ, ಒಂದಿಷ್ಟು ಯೆನ್ ಕಳುಹಿಸಿ, ಮತ್ತೆ ಗಂಟೆಗೊಮ್ಮೆ ಫೋನ್ ಮಾಡಬೇಡಿ. ನೀವು ಊರು ಬಿಟ್ಟು ಹೊರಟಾಗ ಅವರು ನಿಮ್ಮನ್ನು ನಂಬಿ ಕಳುಹಿಸಿದರು. ಅವರನ್ನೂ ಅದೇ ರೀತಿ ನಂಬಿ ಮೂರು ಗಂಟೆ ಬಿಟ್ಟುಕೊಡಿ. ವಿಮಾನ ಇಳಿದು ನಿಮ್ಮ ಮನೆಗೆ ಬಂದಾಗ ಅವರ ಬಳಿ ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಇರುತ್ತದೆ. ಮೊಮ್ಮಕ್ಕಳಿಗೆ ಅವರು ಅದನ್ನು ಹೇಳುವಾಗ ನೀವೂ ಕುಳಿತು ಕೇಳಬಹುದು.